ಕುಂಜಲತೆಯ ಮಾತು, ನನ್ನ ಇಂಗ್ಲಿಷ್

ಕುಂಜಲತಾ ಆಡಿದ್ದನ್ನು ಹೊರದೇಶದ ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ ಹೇಳುವುದು ನಾಲ್ಕು ಚಳಿಗಾಲಗಳಿಂದ ನನ್ನ ಕೆಲಸ. ಅವಳು ನನ್ನ ಓರಗಿತ್ತಿ, ನನ್ನ ಗಂಡ ಲೋಹಿತನ ತಮ್ಮನ ಹೆಂಡತಿ. ಏಳನೇ ತರಗತಿಗೆ ಶಾಲೆ ಬಿಟ್ಟವಳು. ನಾನು ಬೊಕಾಖಾತ್ ಕಾಲೇಜಿನಲ್ಲಿ ಬಿ.ಎ. ಮಾಡಿದವಳು. ಒಂದೇ ಅಂಗಳದ ಆ ಕಡೆ ಅವಳ ಮನೆ, ಈ ಕಡೆ ನನ್ನದು.

ಅವಳದು ಅತ್ತೆಯ ಕಾಲದ ಹಳೆಯ ಮನೆ. ಮರದ ಕಂಬಗಳ ಮೇಲೆ ಬಿದಿರಿನ ನೆಲ, ಹತ್ತಲು ಒಂದೇ ದಿಮ್ಮಿಯನ್ನು ಕಡಿದು ಮಾಡಿದ ಏಣಿ, ಕೆಳಗೆ ಮಗ್ಗ, ಮಗ್ಗದ ಪಕ್ಕ ಹಂದಿ. ನನ್ನದನ್ನು ನಾವು ಸಿಮೆಂಟ್ ಕಂಬಗಳ ಮೇಲೆ ಕಟ್ಟಿಸಿದೆವು. ಹಂಚು ಹಾಕಿದ ಸ್ನಾನದ ಮನೆ, ಬಿಸಿನೀರಿನ ಗೀಸರ್, ಅತಿಥಿಗಳಿಗೆ ಎರಡು ಕೋಣೆ, ಕೈಹಿಡಿಯಲು ಕಟಾಂಜನವಿರುವ ಅಗಲವಾದ ಮೆಟ್ಟಿಲು. ಊಟ ನನ್ನ ಮನೆಯಲ್ಲಿ. ಎಲೆಯಲ್ಲಿ ಕಟ್ಟಿ ಬೇಯಿಸಿದ ಅನ್ನ, ಬಿದಿರಿನ ಕೊಳವೆಯಲ್ಲಿ ಬೆಂದ ಮೀನು, ಖಾರ ಕಡಿಮೆ ಹಾಕಿದ ಕೋಳಿ. ಪ್ರತಿ ತಟ್ಟೆಯನ್ನೂ ನಾನೇ ಒರೆಸಿ ನೋಡುತ್ತೇನೆ. ಆದರೂ ಅತಿಥಿಗಳು ಕೈ ತೊಳೆದ ಕೂಡಲೇ ಅಂಗಳದ ಆ ಕಡೆಗೆ ನೋಡುತ್ತಾರೆ. ನಾನು ಅವರ ಕಣ್ಣುಗಳನ್ನೇ ನೋಡುತ್ತಿರುತ್ತೇನೆ. ಯಾರ ಕಣ್ಣು ಎಷ್ಟು ಹೊತ್ತಿಗೆ ಅತ್ತ ಹೊರಳಿತು ಎಂಬುದು ನನಗೆ ಗೊತ್ತಾಗದೆ ಹೋಗುವುದಿಲ್ಲ.

ತಂಡಗಳನ್ನು ಕರೆತರುವವರು ಗುವಾಹಾಟಿಯ ಬರುವಾ. ಬೆಳಗ್ಗೆ ಲೋಹಿತನ ಜೀಪಿನಲ್ಲಿ ಕಾಜಿರಂಗ, ಮಧ್ಯಾಹ್ನ ನಮ್ಮ ಮಿಸಿಂಗ್ ಬುಡಕಟ್ಟಿನ ಹಳ್ಳಿ, ಮರುದಿನ ಶಿವಸಾಗರಕ್ಕೆ ಹೋಗಿ ಅಹೋಮ್ ರಾಜರ ಅರಮನೆ, ಅವರ ಸಮಾಧಿಯ ದಿಬ್ಬಗಳು, ಅದಾದ ಮೇಲೆ ದೋಣಿ ಹಿಡಿದು ಮಾಜುಲಿ ದ್ವೀಪ. ಈ ಪಟ್ಟಿಯನ್ನು ಮೊದಲ ಸಲ ಕೇಳಿದಾಗ ಕುಂಜಲತಾ ಅತಿಥಿಗಳ ಎದುರೇ ನಕ್ಕುಬಿಟ್ಟಿದ್ದಳು.

"ಅಯ್ಯೋ, ಬೆಳಗ್ಗೆ ಘೇಂಡಾಮೃಗ, ಮಧ್ಯಾಹ್ನ ನಾವು, ನಾಳೆ ಸತ್ತ ರಾಜರು! ಘೇಂಡಾಮೃಗ ಆದ್ರೂ ದೂರ ನಿಂತ್ಕೊಳ್ಳುತ್ತೆ, ನಾವು ಅನ್ನ ಬೇರೆ ಹಾಕ್ತೀವಿ ಅನ್ನು ಅಕ್ಕಾ."

"ನಿಮಗೆ ಸ್ವಾಗತ ಅಂತ ಹೇಳ್ತಿದಾಳೆ," ಎಂದೆ ನಾನು ಇಂಗ್ಲಿಷಿನಲ್ಲಿ.

ಹೀಗೆ ಶುರುವಾಯಿತು. ಅದು ಒರಟು ಮಾತು, ಅತಿಥಿಗಳಿಗೆ ನೋವಾಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನೋವಾಗುವಂಥದ್ದೇನೂ ಇಲ್ಲದ ಮಾತುಗಳನ್ನೂ ಕತ್ತರಿಸತೊಡಗಿದೆ. ಅಕ್ಕಿ ಹುದುಗಿಸಿ ಮಾಡಿದ ಹೆಂಡ, ಅಪಾಂಗ್ ಕೊಡುತ್ತ ಅವಳು, "ಒಂದು ಬಟ್ಟಲು ಕುಡಿದ್ರೆ ಏಣಿ ಇಳೀಬಹುದು, ಎರಡು ಕುಡಿದ್ರೆ ಏಣಿನೇ ನಿಮ್ಮನ್ನ ಇಳಿಸುತ್ತೆ," ಎಂದರೆ ನಾನು, "ಇದು ಅಕ್ಕಿಯ ಪಾನೀಯ," ಎನ್ನುತ್ತಿದ್ದೆ. ಆದರೂ ಅವರು ನಗುತ್ತಿದ್ದರು. ನನ್ನ ಮಾತಿಗೆ ನಗುವಂಥದ್ದು ಏನೂ ಇರಲಿಲ್ಲ. ಅವಳ ಮುಖ ನೋಡಿ ನಗುತ್ತಿದ್ದರು. ನಾನು ನಡುವೆ ನಿಂತಿದ್ದರೂ ಇಲ್ಲದವಳಂತಾಗುತ್ತಿದ್ದೆ.

ಅವಳಲ್ಲಿ ಅಂಥದ್ದೇನಿದೆ ಎಂದು ಎಷ್ಟೋ ಸಲ ಕೂತು ಯೋಚಿಸಿದ್ದೇನೆ. ಬಣ್ಣದಲ್ಲಿ ನಾನೇ ಮೇಲು. ಅವಳ ಮುಂದಿನ ಹಲ್ಲೊಂದು ಮುರಿದಿದೆ. ಆದರೆ ಅವಳ ಬಳಿ ಗದು ಇದೆ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಇನ್ನೊಂದು ತುದಿಯನ್ನು ಮನೆಯ ಕಂಬಕ್ಕೆ ಕಟ್ಟಿ, ಹತ್ತಿಯ ಕುಚ್ಚುಗಳನ್ನು ಒಂದೊಂದಾಗಿ ಸೇರಿಸುತ್ತ ನೇಯುವ ದಪ್ಪ ಹೊದಿಕೆ ಅದು. ಒಂದು ಬದಿ ಕುರಿಯ ಮೈಯಂತೆ ಮೆತ್ತಗೆ. ನಮ್ಮೂರಲ್ಲಿ ಈಗ ಅದನ್ನು ನೇಯಬಲ್ಲವರು ಇಬ್ಬರೇ, ಅತ್ತೆ ಮತ್ತು ಕುಂಜಲತಾ. ನಾನು ಹೊಸ ಸೊಸೆಯಾಗಿ ಬಂದಾಗ ಅತ್ತೆ ಮೊದಲು ಕರೆದದ್ದು ನನ್ನನ್ನೇ. "ಬಾ ಹೇಮಪ್ರಭಾ, ಕೂತ್ಕೋ, ತೋರಿಸ್ತೀನಿ," ಎಂದಿದ್ದರು. "ಪರೀಕ್ಷೆ ಇದೆ ಅತ್ತೆ," ಎಂದಿದ್ದೆ. ಪರೀಕ್ಷೆ ಮುಗಿಯಿತು. ಆಮೇಲೆ ಅವರು ಕರೆಯಲಿಲ್ಲ. ಎರಡು ವರ್ಷಕ್ಕೆ ಕುಂಜಲತಾ ಬಂದಳು, ಕರೆಯುವ ಮೊದಲೇ ಹೋಗಿ ಕೂತಳು.

ಈ ಫೆಬ್ರವರಿಯಲ್ಲಿ ಬಂದ ತಂಡದಲ್ಲಿ ಇಂಗ್ರಿಡ್ ಎಂಬ ಹೆಂಗಸು ಇದ್ದಳು. ಸ್ವೀಡನ್ನಿನವಳು, ಅರವತ್ತು ದಾಟಿದವಳು, ಅಲ್ಲಿ ನೇಯ್ಗೆ ಕಲಿಸುವ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು. ಉಳಿದವರೆಲ್ಲ ಬೆಳಗ್ಗೆ ಕಂಡ ತಾಯಿ ಘೇಂಡಾಮೃಗ, ಮರಿಯ ಫೋಟೋಗಳನ್ನು ಒಬ್ಬರಿಗೊಬ್ಬರು ತೋರಿಸುತ್ತ ಉಂಡರು. ಇವಳು ಮಾತ್ರ ನನ್ನ ಬಿದಿರು ಮೀನನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು. ನಾನು ಹೋಗುವಷ್ಟರಲ್ಲಿ ಹಳೆಯ ಮನೆಯ ಕೆಳಗೆ ಮಣ್ಣಿನ ಮೇಲೇ ಕೂತು, ಅರ್ಧ ನೇಯ್ದ ಗದುವಿನ ಕುಚ್ಚುಗಳೊಳಗೆ ಬೆರಳು ಹಾಕಿ ಕಣ್ಣು ಮುಚ್ಚಿಕೊಂಡಿದ್ದಳು. ಕುಂಜಲತಾ ಅವಳ ಕೈ ಹಿಡಿದು ಒಂದು ಕುಚ್ಚನ್ನು ಅವಳಿಂದಲೇ ಹಾಕಿಸಿದಳು. ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ. ನನ್ನ ಅಗತ್ಯವೇ ಬಿದ್ದಿರಲಿಲ್ಲ.

ಇಂಗ್ರಿಡ್ ತಲೆಯೆತ್ತಿ ನನ್ನನ್ನು ನೋಡಿದಳು.

"ನೀವು ಬಂದಿದ್ದು ಒಳ್ಳೇದಾಯ್ತು. ಇವರನ್ನ ಒಂದು ಮಾತು ಕೇಳಿ. ಮುಂದಿನ ಡಿಸೆಂಬರಲ್ಲಿ ಬಂದು ಎರಡು ತಿಂಗಳು ಇರ್ತೀನಿ. ಇದನ್ನ ಪೂರ್ತಿ ಕಲೀಬೇಕು. ಹೋಟೆಲ್ ಬೇಡ, ಇವರ ಮನೇಲೇ, ಇವರ ಜೊತೇನೇ."

ಇವರ ಮನೆಯಲ್ಲೇ. ನನ್ನ ಎರಡು ಕೋಣೆಗಳು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಬರುವಾ ಅಂಗಳದ ಆಚೆ ಫೋನಿನಲ್ಲಿದ್ದರು. ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಮಾತು ತೊದಲದೆ ಬಂತು.

"ಈ ಗದು ಮಾರ್ತೀಯಾ ಅಂತ ಕೇಳ್ತಿದಾಳೆ," ಎಂದೆ ಕುಂಜಲತೆಗೆ.

ಅವಳು ನನ್ನನ್ನು ತುಸು ಹೊತ್ತು ನೋಡಿದಳು. "ಇಲ್ಲ ಅನ್ನು. ತಂಗಿ ಮದುವೆಗೆ ನೇಯ್ತಿರೋದು."

ನಾನು ಇಂಗ್ರಿಡ್ ಕಡೆ ತಿರುಗಿದೆ. "ಆಗಲ್ವಂತೆ. ಅತ್ತೆಗೆ ಕಾಯಿಲೆ, ಮನೇಲಿ ಹೊರಗಿನವರನ್ನ ಇಟ್ಕೊಳ್ಳೋ ಹಾಗಿಲ್ಲ."

ಇಂಗ್ರಿಡ್ ತಲೆಯಾಡಿಸಿದಳು. ಗದುವಿನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದಳು. ತನ್ನ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟು, "ಅವರ ಅತ್ತೆಗೆ ವಾಸಿಯಾದ್ರೆ ತಿಳಿಸಿ. ಇಲ್ಲದಿದ್ರೆ ಮಾಜುಲೀಲಿ ಯಾರನ್ನಾದ್ರೂ ಕೇಳ್ತೀನಿ," ಎಂದಳು. ಹೊರಡುವಾಗ ಬೀಳ್ಕೊಡಲು ನಿಂತಿದ್ದ ಕುಂಜಲತೆಯ ಎರಡೂ ಕೈ ಹಿಡಿದುಕೊಂಡಳು. ನನಗೆ ಕೈ ಮುಗಿದಳು.

ಆ ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು, ಅದನ್ನು ಮುಚ್ಚಿಡುವುದಿಲ್ಲ. ಮರುದಿನವೂ ಹಗುರವಾಗಿದ್ದೆ. ಮೂರನೇ ದಿನ ಬೆಳಗ್ಗೆ ಕುಂಜಲತಾ ನನ್ನ ಮೆಟ್ಟಿಲ ಕೆಳಗೆ ಬಂದು ನಿಂತಳು. ಮೊರದಲ್ಲಿ ಅಕ್ಕಿ ಇತ್ತು, ಕೇರುತ್ತಲೇ ಮಾತಾಡಿದಳು.

"ಅಕ್ಕಾ, 'ಮದರ್ ಇನ್ ಲಾ' ಅಂದ್ರೆ ಅತ್ತೆ ಅಲ್ವಾ?"

ನನ್ನ ಕೈಯಲ್ಲಿದ್ದ ಲೋಟ ಕೈಯಲ್ಲೇ ಉಳಿಯಿತು. "ಹೂಂ."

"'ಸಿಕ್' ಅಂದ್ರೆ ಕಾಯಿಲೆ."

"ಹೂಂ."

"ಅತ್ತೆಗೇನು ಕಾಯಿಲೆ?"

ಅದೇ ಹೊತ್ತಿಗೆ ಅತ್ತೆ ಅಂಗಳದಲ್ಲಿ ಕೋಲು ಹಿಡಿದು, ಸಾಸಿವೆ ಹೊಲಕ್ಕೆ ನುಗ್ಗಿದ ಹಂದಿಯನ್ನು ಅದರ ವಂಶವನ್ನೆಲ್ಲ ಬೈಯುತ್ತ ಅಟ್ಟಿಸಿಕೊಂಡು ಹೋದರು. ಹಂದಿಗಿಂತ ಅವರೇ ಮುಂದಿದ್ದರು.

"ನಾಲ್ಕು ವರ್ಷ ನಿನ್ನ ಪಕ್ಕ ನಿಂತಿದೀನಿ ಅಕ್ಕಾ," ಎಂದಳು ಕುಂಜಲತಾ. "ಕಿವಿ ಸುಮ್ನಿರುತ್ತಾ? ನಾನು ಇಷ್ಟುದ್ದ ಹೇಳಿದ್ರೆ ನೀನು ಇಷ್ಟೇ ಇಷ್ಟು ಹೇಳ್ತಿದ್ದೆ. ಮೊದಲು ನಾನು, ಇಂಗ್ಲಿಷ್ ಅಂದ್ರೆ ಚಿಕ್ಕ ಭಾಷೆ ಇರ್ಬೇಕು ಅಂದ್ಕೊಂಡಿದ್ದೆ. ಆಮೇಲೆ ನೀನು ನಿನ್ನ ಮೀನಿನ ವಿಷಯ ಹೇಳೋವಾಗ ನೋಡಿದೆ. ಎಷ್ಟು ಉದ್ದ ಆಗುತ್ತಪ್ಪಾ ಆವಾಗ ಆ ಭಾಷೆ!"

ನನಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. "ಗೊತ್ತಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಅವಳೆದುರು ಹೇಳಿದ್ರೆ ನಿನ್ನ ಮಾನ ಹೋಗ್ತಿತ್ತು. ನಿಂದು ಹೋದ್ರೆ ಮನೇದು ಹೋದಂಗೆ. ಅದೂ ಅಲ್ದೆ ಪೂರ್ತಿ ಅರ್ಥ ಆಗಿರ್ಲಿಲ್ಲ. ನಿನ್ನೆ ಲೋಹಿತ್ ಭಾವನ್ನ ಕೇಳಿದೆ. ಆಯಮ್ಮ ವಾಪಸ್ ಹೋಗೋವಾಗ ಜೀಪಲ್ಲಿ ಗದು ಕಲಿಯೋಕೆ ಬರೋ ಆಸೆ ಹೇಳ್ಕೊಂಡು, ದಾರಿಯುದ್ದಕ್ಕೂ ಅತ್ತೆ ಆರೋಗ್ಯ ವಿಚಾರಿಸಿದ್ಲಂತೆ. ಭಾವ ಏನೋ ತಮಾಷೆ ಅಂದ್ಕೊಂಡು, ನಮ್ಮಮ್ಮ ನೂರು ವರ್ಷ ಇರ್ತಾಳೆ ಅಂದ್ರಂತೆ."

ಅವಳು ಮೊರವನ್ನು ಕೆಳಗಿಟ್ಟಳು. ಅವಳ ಧ್ವನಿ ಆಗ ಬದಲಾಯಿತು. "ಇವತ್ತು ಅವಳು ಮಾಜುಲಿ ದೋಣಿ ಹತ್ತಾಳೆ. ಅಲ್ಲಿ ಯಾರಾದ್ರೂ ಸಿಕ್ಕಿಬಿಟ್ರೆ ಮುಗೀತು. ಅತ್ತೆ ಬಿಟ್ರೆ ಈ ಕೆಲಸ ಮಾಡೋಳು ನಾನೊಬ್ಳೇ ಅಕ್ಕಾ. ನನ್ನ ಮಗಳಿಗೇ ಬೇಡ ಇದು. ಅಷ್ಟು ದೂರದಿಂದ ಒಬ್ಳು ಬಂದು ಕಲಿಸು ಅಂತಾಳೆ, ನೀನು ಬಾಗಿಲು ಹಾಕಿಬಿಟ್ಯಲ್ಲ. ತಗೋ ಫೋನು. ನಾನು ಹೇಳ್ತೀನಿ, ನೀನು ಬರಿ. ಒಂದು ಮಾತೂ ಬಿಡಬೇಡ."

ಚೀಟಿಯನ್ನು ಹರಿದು ಹಾಕಿದೆ ಎನ್ನಬಹುದಿತ್ತು. ಅದು ನನ್ನ ರವಿಕೆಯೊಳಗೇ ಇತ್ತು, ಏಕೆ ಇಟ್ಟುಕೊಂಡಿದ್ದೆನೋ ಗೊತ್ತಿಲ್ಲ. ತೆಗೆದೆ. ಮೆಟ್ಟಿಲ ಮೇಲೆ ಕೂತು ನಂಬರನ್ನು ಒತ್ತಿದೆ. ಅವಳು ಎರಡು ಮೆಟ್ಟಿಲು ಕೆಳಗೆ ಕೂತಳು.

"ಬರಿ. ಅತ್ತೆಗೆ ಏನೂ ಆಗಿಲ್ಲ. ಈಗ ತಾನೇ ಹಂದಿ ಜೊತೆ ಓಡಿ ಗೆದ್ದು ಬಂದ್ರು."

ಬರೆದೆ.

"ನೀನು ಕೇಳಿದ್ದು ನನಗೆ ತಲುಪಿರ್ಲಿಲ್ಲ. ನಮ್ಮಕ್ಕ ಸುಳ್ಳು ಹೇಳಿದ್ಲು."

ನನ್ನ ಬೆರಳು ನಿಂತಿತು. "ಇದೂ ಬೇಕಾ?"

"ಬೇಕು. ಇಲ್ದಿದ್ರೆ ನಾನು ಸುಳ್ಳಿ ಆಗ್ತೀನಿ. ಆಯ್ತಾ? ಮುಂದೆ ಬರಿ. ಅಕ್ಕ ಕೆಟ್ಟೋಳಲ್ಲ. ಅವಳು ಬಡಿಸಿದ ಊಟ ಉಂಡೋರು ಎದ್ದು ನಮ್ಮನೆ ಏಣಿ ಹತ್ತಿದ್ರೆ, ತನ್ನ ಮನೆ ಮೆಟ್ಟಿಲನ್ನೇ ಯಾರೋ ಹೊತ್ಕೊಂಡು ಹೋದಂಗೆ ಆಗುತ್ತೆ ಅವಳಿಗೆ. ಮೇಲೆ ನಿಂತ್ಕೊಂಡು ಇಳಿಯೋಕೂ ಆಗ್ದೆ ನೋಡ್ತಿರ್ತಾಳೆ. ನೀನು ಆ ಮೀನನ್ನ ಪೂರ್ತಿ ತಿಂದು ಬರ್ಬೇಕಿತ್ತು."

ನಾನು ಅವಳ ನೆತ್ತಿಯನ್ನೇ ನೋಡುತ್ತ ಕೂತೆ. ನಾಲ್ಕು ವರ್ಷ ನಾನು ಒಳಗೊಳಗೇ ಹೊತ್ತು ತಿರುಗಿದ್ದನ್ನು ಇವಳು ಹೊಟ್ಟು ಹಾರಿಸಿದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಹೇಳಿಬಿಟ್ಟಳು. ಓದಿದವಳು ನಾನು, ಪದಗಳನ್ನು ತೂಗಿ ಆಡುವವಳು ನಾನು. ನನ್ನ ಹೊಟ್ಟೆಕಿಚ್ಚಿಗೆ ಕೂಡ ಒಳ್ಳೆಯ ಮಾತು ಸಿಕ್ಕಿದ್ದು ಇವಳಿಗೆ. ಇಂಗ್ಲಿಷಿನಲ್ಲಿ ಅದಕ್ಕೆ ಒಂದು ಪದ ಸಾಕು. ಆ ಪದವನ್ನು ಹಾಕಿ ಮುಗಿಸಿದರೆ ಇವಳಿಗೆ ತಿಳಿಯುವುದೂ ಇಲ್ಲ. ಬೆರಳು ಆ ಪದದ ಮೊದಲ ಅಕ್ಷರದ ಮೇಲೆ ಹೋಗಿಯೂ ಬಿಟ್ಟಿತ್ತು.

ಅಳಿಸಿದೆ. ಮೆಟ್ಟಿಲನ್ನೂ ಬರೆದೆ, ಏಣಿಯನ್ನೂ ಬರೆದೆ, ಇಳಿಯಲಾಗದೆ ನಿಂತವಳನ್ನೂ ಬರೆದೆ. ಚೆನ್ನಾಗಿ ಬರಬೇಕೆಂದು ಎರಡು ಸಲ ತಿದ್ದಿದೆ. ಇವಳ ಮಾತಿಗೆ ಸರಿಸಾಟಿಯಾದ ಇಂಗ್ಲಿಷ್ ಕೂಡಿಸಲು ಅಷ್ಟು ಕಷ್ಟಪಟ್ಟದ್ದು ಅದೇ ಮೊದಲು. ಅಷ್ಟು ಕಷ್ಟಪಡುತ್ತಿದ್ದೇನೆಂದು ಸಿಟ್ಟೂ ಬಂತು.

ಕಳಿಸಿದೆ. ಕುಂಜಲತಾ ಮತ್ತೆ ಮೊರ ಎತ್ತಿಕೊಂಡಳು. ಅತ್ತೆ ಹಂದಿಯನ್ನು ಗೂಡಿಗೆ ಹಾಕಿ, ಅಡಿಕೆ ಅಗಿಯುತ್ತ ಬಂದು, "ಏನ್ರೇ ಇಬ್ರೂ ಒಟ್ಟಿಗೆ ಮೆಟ್ಟಿಲ ಮೇಲೆ? ಯಾರಾದ್ರೂ ಸತ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಅಕ್ಕಿ ಕೇರಿ ಮುಗಿಯುವಷ್ಟರಲ್ಲಿ ಉತ್ತರ ಬಂತು. ಇಂಗ್ರಿಡ್ ದೋಣಿಗಟ್ಟೆಯಲ್ಲಿದ್ದಳು. ಓದಿ ಹೇಳಿದೆ. "ಬರ್ತೀನಿ ಅಂತಾಳೆ. ಡಿಸೆಂಬರ್ ಮೊದಲನೇ ವಾರ. ಅತ್ತೆಗೆ ನಮಸ್ಕಾರ ಹೇಳಿದಾಳೆ." ಅದರ ಕೆಳಗೆ ಇನ್ನೊಂದು ಸಾಲಿತ್ತು. ಕುಂಜಲತಾ ಫೋನನ್ನೇ ನೋಡುತ್ತಿದ್ದಳು. "ನಿಮ್ಮ ಓರಗಿತ್ತಿಯಷ್ಟು ಚೆನ್ನಾಗಿ ಮಾತಾಡೋರನ್ನ ನಾನು ಕಂಡೇ ಇಲ್ಲ ಅಂತ ಬರೆದಿದಾಳೆ," ಎಂದು ಅದನ್ನೂ ಓದಿದೆ. ಆ ಇಂಗ್ಲಿಷ್ ಯಾರದು ಎಂದು ಇಂಗ್ರಿಡ್ ಕೇಳಿರಲಿಲ್ಲ.

ಕುಂಜಲತಾ ಮುರಿದ ಹಲ್ಲು ಕಾಣುವಂತೆ ನಕ್ಕಳು. "ಎಲ್ಲಿ ಮಲಗೋದು ಅಂತ ಕೇಳಿದಾಳಾ?"

"ಕೇಳಿದಾಳೆ."

"ಒಲೆ ಪಕ್ಕ, ಅತ್ತೆ ಜೊತೆ ಅಂತ ಬರಿ. ಚಳಿಗೆ ನನ್ನ ಗದು ಕೊಡ್ತೀನಿ ಅನ್ನು."

ಬರೆದೆ. ಒಲೆ, ಅತ್ತೆ, ಗದು, ಯಾವುದನ್ನೂ ಬಿಡಲಿಲ್ಲ. ಆಮೇಲೂ ನನ್ನ ಬೆರಳು ನಿಲ್ಲಲಿಲ್ಲ.

ಕುಂಜಲತಾ ಕತ್ತು ಉದ್ದ ಮಾಡಿದಳು. "ನಾನು ಅಷ್ಟು ಹೇಳ್ಲಿಲ್ವಲ್ಲ. ಏನದು?"

"ಬಿಸಿನೀರಿನ ಸ್ನಾನದ ಮನೆ ಇರೋದು ನನ್ನ ಮನೇಲಿ, ದಿನಾ ಬೆಳಗ್ಗೆ ಅಲ್ಲಿಗೇ ಬರ್ಬೇಕು, ತಿಂಡೀನೂ ಅಲ್ಲೇ ಅಂತ."

"ಅದನ್ನ ನಾನೆಲ್ಲಿ ಹೇಳ್ದೆ?"

"ನೀನು ಹೇಳಿಲ್ಲ," ಎಂದೆ. "ಅದು ನನ್ನ ಮಾತು." ಕೆಳಗೆ ಹೇಮಪ್ರಭಾ ಪೇಗು ಎಂದು ಪೂರ್ತಿ ಹೆಸರು ಹಾಕಿ ಕಳಿಸಿದೆ.