ಹನ್ನೊಂದು ನಿಮಿಷದ ಕಡತ

ಕಡತ ಇತ್ತು. ಹೆಸರು ಸರಿಯಾಗಿತ್ತು, ಹನ್ನೊಂದು ನಿಮಿಷದ ಉದ್ದವೂ ಸರಿಯಾಗಿತ್ತು. ದನಿ ಮಾತ್ರ ಇರಲಿಲ್ಲ.

ಕಾಲೇಜಿನ ಗ್ರಂಥಪಾಲಕ ತನ್ನ ಮನೆಯಲ್ಲಿ ಮೂರನೆಯ ಸಲ ಹೆಡ್‌ಫೋನ್ ಕಿವಿಗೇರಿಸಿದ. ಮೊದಲಿಂದ ಕೊನೆಯವರೆಗೆ ಮೌನ. ಕಪಾಟಿನ ಮೇಲೆ ಸೋಪಿನ ಡಬ್ಬಿಯಷ್ಟು ಗಾತ್ರದ ಕಂಪ್ಯೂಟರು ಏನೂ ಆಗಿಲ್ಲವೆಂಬಂತೆ ಹಸಿರು ದೀಪ ಮಿಟುಕಿಸುತ್ತ ಕೂತಿತ್ತು.

ಮನೆಯವರ ಫೋಟೋ, ದನಿ ಎಲ್ಲ ಮನೆಯಲ್ಲೇ ಇರಬೇಕು, ಯಾವುದೋ ಕಂಪನಿಯ ಉಗ್ರಾಣದಲ್ಲಲ್ಲ ಎಂದು ಎರಡು ವರ್ಷದ ಹಿಂದೆ ಅದಕ್ಕೆ ಲಿನಕ್ಸ್ ತಂತ್ರಾಂಶ ಹಾಕಿ ಮನೆಯದೇ ಸರ್ವರ್ ಮಾಡಿಕೊಂಡಿದ್ದ. ಹೆಂಡತಿಗೊಂದು, ಮಗಳಿಗೊಂದು ಖಾತೆ ತೆರೆದಿದ್ದ. ಇಬ್ಬರೂ ಒಮ್ಮೆಯೂ ಒಳಗೆ ಬಂದಿಲ್ಲವೆಂದು ಸರ್ವರ್ ಹೇಳುತ್ತಿತ್ತು. ಅದನ್ನು ದಿನಾ ತೆಗೆದು ನೋಡುತ್ತಿದ್ದ. ನೋಯುವ ಹಲ್ಲನ್ನು ನಾಲಿಗೆ ತಡವುವ ಹಾಗೆ.

ಆದರೂ ತನ್ನಮ್ಮ ಆಸ್ಪತ್ರೆಯಲ್ಲಿ ಕೊನೆಯ ವಾರ ಆಡಿದ, ತಾನು ಫೋನಿನಲ್ಲಿ ಹಿಡಿದಿಟ್ಟಿದ್ದ ಮಾತನ್ನು ಹೆಂಡತಿ ಅವನಿಗೇ ಒಪ್ಪಿಸಿದ್ದಳು. "ಫೋನ್ ಇವತ್ತಿರತ್ತೆ, ನಾಳೆ ಇರಲ್ಲ. ನಿಮ್ಮ ಡಬ್ಬೀಲಿ ಭದ್ರವಾಗಿರಲಿ."

ಹೋದ ತಿಂಗಳು ಸರ್ವರಿನ ಮೆಮೊರಿ ಕಾರ್ಡು ಕೈಕೊಟ್ಟಿತು. ಎಲ್ಲವೂ ಹೊಸದಕ್ಕೆ ನಕಲಾಯಿತೆಂದು ಪರದೆ ಹೇಳಿತು. ನಂಬಿ ಹಳೆಯದನ್ನು ಎಸೆದ. ಹೆಂಡತಿಯ ಆ ಫೋನೂ ಅಷ್ಟರಲ್ಲಿ ಕೆಟ್ಟುಹೋಗಿತ್ತು. ಎರಡು ಕಡೆ ಪ್ರತಿ ಇಡಿ ಎಂದು ಕಾಲೇಜಿನವರಿಗೆಲ್ಲ ಬುದ್ಧಿ ಹೇಳುವವನು ಅವನೇ.

"ಸಿಕ್ತಾ ರೀ?" ಅಡುಗೆಮನೆಯಿಂದ ಹೆಂಡತಿ.

"ಇದೆ."

"ಮೂರು ಗಂಟೆಗೆ ತಂಗಿ ಬರ್ತಾಳೆ. ಪಾಪ, ಅಮ್ಮನ ಕೊನೇ ಮಾತು ಅವಳು ಕೇಳೇ ಇಲ್ಲ."

"ಸ್ವಲ್ಪ ನೋಡ್ಬೇಕು."

"ನೀವು ನೋಡ್ತಾನೇ ಇರ್ತೀರಿ ಬಿಡಿ."

ಹೋಯಿತು ಎಂದರೆ ಮುಗಿಯುತ್ತಿತ್ತು. ಮಾತು ಗಂಟಲವರೆಗೆ ಬಂದು, ದಾರಿಯಲ್ಲೇ ಬೇರೊಂದಾಯಿತು: ನೀನು ಒಂದು ಸಲವಾದರೂ ಒಳಗೆ ಬಂದು ನೋಡಿದ್ದರೆ! ತಾನು ದೂರನ್ನು ಸಿದ್ಧಮಾಡಿಕೊಳ್ಳುತ್ತಿದ್ದೇನೆಂದು ತಿಳಿದು ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ತುಸು ನೆಮ್ಮದಿಯೂ ಆಯಿತು.

ಅವಳು ಕೈಯೊರೆಸುತ್ತ ಬಂದಳು. "ಕೊಡಿ, ಅವಳು ಬರೋ ಮೊದ್ಲು ನಾನೊಂದ್ಸಲ ಕೇಳ್ಬಿಡ್ತೀನಿ."

ಹೆಡ್‌ಫೋನನ್ನು ಅವನ ತಲೆಯಿಂದ ತಾನೇ ತೆಗೆದು ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ಅವನು ಗುಂಡಿ ಒತ್ತಿದ. ಬಾಯಿಗಾಗದ್ದು ಬೆರಳಿಗೆ ಸಾಧ್ಯವಾಯಿತು.

ಒಂದು ನಿಮಿಷ. ಏನೂ ಕೇಳಿಸ್ತಿಲ್ಲ ರೀ, ಎನ್ನುತ್ತಾಳೆ ಈಗ ಎಂದು ಕಾದ. ಎರಡು ನಿಮಿಷ. ಅವಳು ಕಣ್ಣು ಮುಚ್ಚಿದಳು. ನಾಲ್ಕನೆಯ ನಿಮಿಷಕ್ಕೆ ತುಟಿ ಅಲುಗಿತು. ಯಾರದೋ ಮಾತಿಗೆ ಹೂಂಗುಟ್ಟುವ ಹಾಗೆ ಮೆಲ್ಲನೆ ತಲೆಯಾಡಿಸಿದಳು.

"ಅಲ್ಲಾ..." ಎಂದು ಅವನು ಬಾಯಿ ತೆರೆದ.

ಅವಳು ಕಣ್ಣು ತೆರೆಯಲಿಲ್ಲ. ಅಂಗೈ ಎತ್ತಿ ಅವನನ್ನು ತಡೆದಳು. ಬಾಗಿಲ ಗಂಟೆ ಬಡಿಯಿತು, ಮತ್ತೆ ಬಡಿಯಿತು. ಆ ಅಂಗೈ ಅವನ ಮುಖದ ಮುಂದೆ ಹಾಗೆಯೇ ನಿಂತಿತ್ತು.