ಎಲಿಸಬೆತಮ್ಮನ ನರಹುಲಿ

"ನಗಬೇಡ ಅಂದ್ನಲ್ಲ, ಗದ್ದ ಅಲ್ಲಾಡ್ತದೆ," ಎಂದು ಜನೋಬಿ ಕುಂಚ ಎತ್ತಿ ಹಿಡಿದ.

"ನಗಿಸೋನೂ ನೀನೇ, ಬಯ್ಯೋನೂ ನೀನೇ," ಎಂದಳು ಲಾಪಾ. ತೋಳುಗಳನ್ನು ಮುಂದಕ್ಕೆ ಚಾಚಿ ನಿಂತು ನಿಂತು ಅವಳ ರಟ್ಟೆ ಸೋತಿದ್ದವು. "ಮೊಟ್ಟೆ ಮಾರೋಳನ್ನ ದೇವರ ಪಟಕ್ಕೆ ಹಾಕೋದಿರಲಿ, ಮೊದ್ಲು ನನ್ನ ಮೊಟ್ಟೆ ತಗೊಳೋ ಮೇಸ್ತ್ರಿ."

ಹೋದ ವರ್ಷದವರೆಗೆ ಜನೋಬಿ ಬಣ್ಣ ಕಲಸುತ್ತಿದ್ದದ್ದು ಅವಳ ಕೋಳಿಗಳ ಮೊಟ್ಟೆಯಲ್ಲೇ. ಕನ್ಯೆಯರ ಕೆನ್ನೆಗೆ ಪೇಟೆಕೋಳಿಯ ಬಿಳಿಚಿದ ಹಳದಿ, ಮುದುಕರ ಮುಖಕ್ಕೆ ಹಳ್ಳಿಕೋಳಿಯ ಕೆಂಪು ಹಳದಿ. ಲಾಪಾ ಎರಡು ಬುಟ್ಟಿಗಳಲ್ಲಿ ಬೇರೆ ಬೇರೆ ತರುತ್ತಿದ್ದಳು. ಆಮೇಲೆ ದೂರದ ಬಡಗಣ ನಾಡು ಫ್ಲಾಂಡರ್ಸಿನಿಂದ ಹಡಗಿನಲ್ಲಿ ಒಂದು ಪಟ ಬಂತು. ಆಗತಾನೆ ಹುಟ್ಟಿದ ದೇವರ ಕೂಸಿನ ಮುಂದೆ ಕುರುಬರು. ಒಬ್ಬನಿಗೆ ಹಲ್ಲಿಲ್ಲ, ಇನ್ನೊಬ್ಬನ ಉಗುರಲ್ಲಿ ಮಣ್ಣು, ಎಲ್ಲರೂ ಬಾಯಿಬಿಟ್ಟುಕೊಂಡಿದ್ದಾರೆ. ಫ್ಲಾರೆನ್ಸಿನ ಚಿತ್ರಗಾರರೂ ಅದರ ಮುಂದೆ ಹಾಗೇ ಬಾಯಿಬಿಟ್ಟು ನಿಂತರು. ಜನೋಬಿ ಅಂದು ಮನೆಗೆ ಬಂದವನೇ ಮೊಟ್ಟೆಯ ಬಟ್ಟಲನ್ನು ನಾಯಿಗೆ ಸುರಿದು, ಆಕ್ರೋಟದ ಎಣ್ಣೆಯಲ್ಲಿ ಬಣ್ಣ ಅರೆಯಲು ಕೂತ. ಜಗಳಕ್ಕೆ ಬಂದ ಲಾಪಾಳ ಗದ್ದದ ಮೇಲೆ ಅವನ ಕಣ್ಣು ಬಿದ್ದದ್ದು ಆಗಲೇ.

ಬಾಗಿಲು ಸರಿಯಿತು. ಈ ಪಟ ಬರೆಸುತ್ತಿರುವ ಭಕ್ತ ಸಂಘದ ಯಜಮಾನ, ರೇಷ್ಮೆ ವ್ಯಾಪಾರಿ ಉಗೊಲಿನೊ, ಒಳಗೆ ಬಂದು ಪಟದ ಮುಂದೆ ನಿಂತ.

"ಎಲಿಸಬೆತಮ್ಮನಿಗೆ ನರಹುಲಿ. ಅದರ ಮೇಲೆ ಕೂದಲು ಬೇರೆ."

"ವಯಸ್ಸಾದ ಹೆಂಗಸು, ಸಾಹುಕಾರ್ರೇ. ಇರ್ತದೆ."

"ನಿಮ್ಮತ್ತೆಗೂ ಇದೆ. ಅವಳಿಗೆ ಯಾರೂ ಮೇಣದಬತ್ತಿ ಹಚ್ಚಲ್ಲ," ಎಂದ ಉಗೊಲಿನೊ. "ನೋಡು, ಸಂಘದಲ್ಲಿ ಅರ್ಧ ಜನ ಇರ್ಲಿ ಅಂತಾರೆ, ಅರ್ಧ ಜನ ಕೆರೆಸು ಅಂತಾರೆ. ಕೊನೆಗೆ ಮುಖ ಯಾರದೋ ಅವಳನ್ನೇ ಕೇಳೋದು ಅಂತಾಯ್ತು. ನಾಚ್ಕೆ ಆಗ್ತದೆ ಅಂತ ಅವಳು ಒಂದು ಮಾತು ಹೇಳಿದ್ರೆ, ನೀನು ಇದನ್ನ ಕೆರೆದು ಹಳೇ ಥರ ನುಣ್ಣಗೆ ಬರೀಬೇಕು."

ಜನೋಬಿಯ ಮುಖ ಸುಣ್ಣವಾಯಿತು. ಉಗೊಲಿನೊ ಲಾಪಾಳ ಕಡೆ ತಿರುಗಿ ದನಿ ತಗ್ಗಿಸಿದ.

"ಪಾಸ್ಕ ಹಬ್ಬಕ್ಕೆ ಗುರುಗಳು ಮಂತ್ರಿಸೋ ಮೊಟ್ಟೆ ಇದೆಯಲ್ಲ, ಸಂಘದ ಅಷ್ಟೂ ಮನೆಗೆ ಇನ್ಮೇಲೆ ನಿನ್ನ ಬುಟ್ಟಿಯಿಂದಲೇ. ಇವನೂ ಮತ್ತೆ ಮೊಟ್ಟೆಗೇ ಬರ್ತಾನೆ. ಒಂದು ಮಾತು ಹೇಳ್ಬಿಡವ್ವ."

ಲಾಪಾ ತೋಳು ಇಳಿಸಿದಳು. ಅಷ್ಟು ಮನೆ ಸಿಕ್ಕು, ಜನೋಬಿಯೂ ಮತ್ತೆ ಕೊಂಡರೆ ಬಿಸಿಲಲ್ಲಿ ಬೀದಿ ಸುತ್ತಿ ಕೂಗುವುದು ಎಷ್ಟೋ ತಪ್ಪುತ್ತಿತ್ತು. ನಾಚಿಕೆಯೂ ಸುಳ್ಳಲ್ಲ. ಚಿಕ್ಕಂದಿನಲ್ಲಿ ಬೀದಿಯ ಹುಡುಗರು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನರಹುಲಿ ಅಂದರೆ ಅವಳೇ. ಇವತ್ತಿಗೂ ಸಂತೆಯಲ್ಲಿ ಅವಳ ತಲೆಬಟ್ಟೆಯ ಸೆರಗು ತಾನಾಗಿ ಗದ್ದಕ್ಕೆ ಹೋಗುತ್ತಿತ್ತು.

"ನಾನಿನ್ನೂ ನೋಡೇ ಇಲ್ವಲ್ಲ," ಎಂದು ಅವಳು ಪಟದ ಈಚೆಗೆ ಬಂದಳು.

ಬೆಟ್ಟದ ದಾರಿಯಲ್ಲಿ ದೇವಮಾತೆಯಾಗಲಿರುವ ಹುಡುಗಿ ಬರುತ್ತಿದ್ದಾಳೆ. ಅವಳನ್ನು ಕಂಡು ನೆಂಟಳು ಎಲಿಸಬೆತಮ್ಮ, ಬಸುರಿ ಮುದುಕಿ, ತೋಳು ಚಾಚಿ ಮನೆಯಿಂದ ಓಡಿ ಬಂದಿದ್ದಾಳೆ. ತಲೆಯ ಬಟ್ಟೆ ಜಾರಿದೆ. ಹುಡುಗಿಯ ಕೊರಳಿನ ಮುತ್ತಿನ ಮೇಲೆ ಬಿದ್ದ ಬೆಳಕೇ ಮುದುಕಿಯ ನರಹುಲಿಯ ಮೇಲೂ ಬಿದ್ದಿದೆ. ಬಾಯಿ ತುಂಬ ನಗು. ನಗಬೇಡ ನಗಬೇಡ ಎನ್ನುತ್ತಲೇ ಕಳ್ಳ ಅದನ್ನೇ ಬರೆದಿದ್ದಾನೆ.

ಲಾಪಾ ಇನ್ನೂ ಹತ್ತಿರ ಹೋದಳು. ಇದು ತಾನಲ್ಲ, ಅವ್ವ. ತಾನು ಬುಟ್ಟಿ ಖಾಲಿ ಮಾಡಿಕೊಂಡು ಸಂತೆಯಿಂದ ಬಂದರೆ ಅವ್ವ ಬಾಗಿಲಿಗೆ ಓಡಿ ಬರುತ್ತಿದ್ದದ್ದು ಹೀಗೇ, ಇದೇ ನರಹುಲಿಯ ಗದ್ದ ಮುಂದೆ ಮಾಡಿಕೊಂಡು.

ಅವಳಿಗೆ ನಗು ಬಂತು. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು. ಜನೋಬಿಯ ಕುಂಚದಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕಿತು.

"ಸಂಘದ ಅಷ್ಟೂ ಮನೆ, ಲಾಪಾ," ಎಂದ ಉಗೊಲಿನೊ. "ವರ್ಷಾ ವರ್ಷಾ. ಒಂದೇ ಒಂದು ಮಾತು ಹೇಳು."

ಲಾಪಾ ಸೆರಗಿನಿಂದ ಕಣ್ಣೊರೆಸಿಕೊಂಡು, ಅದನ್ನು ಹೆಗಲಾಚೆ ಎಸೆದಳು.

"ಹೇಳಲ್ಲ."