ಎದ್ದು ನಿಂತು ಸುಳ್ಳು ಹೇಳುತ್ತಿದ್ದ ಹೊಳಿಯಪ್ಪ

ಹೊಳಿಯಪ್ಪ ಸುಳ್ಳು ಹೇಳಬೇಕಾದರೆ ಎದ್ದು ನಿಲ್ಲುತ್ತಿದ್ದರು. ಕಂಬಳಿಯ ಮೇಲೆ ಕುಳಿತು ಸುಳ್ಳಾಡಬಾರದು ಎಂಬುದು ಕುರಿ ಕಾಯ್ದ ಮಂದಿಯ ಹಳೆಯ ಕಟ್ಟಳೆ. ನಮ್ಮಲ್ಲಿ ನ್ಯಾಯ ಹೇಳುವಾಗ, ಹೆಣ್ಣು ಕೊಡುವ ಮಾತಾಡುವಾಗ ಕಂಬಳಿ ಹಾಸುವುದೇ ಅದಕ್ಕೆ. ಉಳಿದವರು ಆ ಕಟ್ಟಳೆಯನ್ನು ಅಂಥ ದಿನಗಳಿಗೆ ಎತ್ತಿಟ್ಟುಕೊಂಡರು. ಇವರು ಎಲ್ಲ ದಿನಕ್ಕೂ ಇಟ್ಟುಕೊಂಡರು. ಉಣ್ಣುವುದು, ಎಲೆ ಅಡಿಕೆ ಹಾಕುವುದು, ಬಂದವರೊಡನೆ ಮಾತಾಡುವುದು ಎಲ್ಲವೂ ಕಂಬಳಿಯ ಮೇಲೇ ಆದ್ದರಿಂದ ದಿನಕ್ಕೆ ಎಷ್ಟು ಸಲ ಏಳಬೇಕಾಗುತ್ತಿತ್ತು ಎಂಬುದನ್ನು ನೀವೇ ಊಹಿಸಿ.

"ಸಾರು ಹ್ಯಾಂಗಾಗೇತ್ರಿ?" ಎಂದು ಕೇಳುತ್ತಿದ್ದೆ. ಅವರು ಮೊಣಕಾಲಿಗೆ ಕೈ ಕೊಟ್ಟು ಏಳುತ್ತಿದ್ದರು. ಕಂಬಳಿ ಬಿಟ್ಟು ಬರಿ ನೆಲದ ಮೇಲೆ ನಿಂತು, "ಭಾಳ ಚಲೋ ಆಗೇತಿ" ಎನ್ನುತ್ತಿದ್ದರು. ಮತ್ತೆ ಕುಳಿತು ಉಣ್ಣುತ್ತಿದ್ದರು. ನನಗೆ ಉಪ್ಪು ಹೆಚ್ಚಾದದ್ದು ತಿಳಿಯುತ್ತಿತ್ತು.

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎನ್ನುತ್ತಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಮುಶಿಗೇರಿಯ ಹೊಳಿಯಪ್ಪ. ಕಂಬಳಿ ನೇಯುವವರು. ನೂಲುವುದು ನಾನು, ನೇಯುವುದು ಅವರು; ಮೂವತ್ತೆಂಟು ವರ್ಷ ಹಾಗೇ ನಡೆಯಿತು.

ಆಳು ಎತ್ತರವಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತೂ ಕುಳಿತೂ ನಡಿಗೆ ಬೇರೆಯಾಗಿತ್ತು. ಬಯಲಲ್ಲಿ ನಡೆದರೂ ಪ್ರತಿ ಹೆಜ್ಜೆಗೂ ಒಂದು ಕುಣಿಯಿಂದ ಮೇಲೆ ಹತ್ತಿ ಬಂದಂತೆ ಕಾಲು ಎತ್ತಿ ಎತ್ತಿ ಇಡುತ್ತಿದ್ದರು. ಹೆಗಲ ಮೇಲೆ ಕರಿ ಕಂಬಳಿ ಬೇಸಿಗೆಯಲ್ಲೂ ಇಳಿಯುತ್ತಿರಲಿಲ್ಲ. ಯಾವುದನ್ನು ಕಂಡರೂ ಮೊಳ ಹಾಕುವ ಚಟ. ಬಾಗಿಲು, ಎಮ್ಮೆ, ಬಸ್ಸಿನ ಸೀಟು, ನೆಂಟರ ಮನೆಯ ಟಿವಿ, ಎಲ್ಲಕ್ಕೂ ಮೊಣಕೈ ಊರಿ ಬೆರಳು ಚಾಚಿ ಅಳತೆ. ಕೇಳಿದರೆ, "ಕಣ್ಣು ದೊಡ್ಡದು ಮಾಡತೈತಿ, ಕೈ ಮಾಡಂಗಿಲ್ಲ" ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ಜೂನಿನಲ್ಲಿ ಅವರು ತಾಲಿನ್ನಿಗೆ ಹೋಗಿ ಬಂದರು. ಎಸ್ಟೋನಿಯಾ ಎಂಬ ದೇಶದಲ್ಲಿ, ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ಹಳೆಯ ಊರು. ಅಲ್ಲಿ ಉಣ್ಣೆಯ ಮೇಳವಿತ್ತು. ನೇಕಾರರ ಸಂಘವೊಂದನ್ನು ನಡೆಸುತ್ತಿದ್ದ ಅನಿಲಕುಮಾರ ಎಂಬವರು ನಮ್ಮ ಮನೆಗೆ ಬಂದು, ಕಂಬಳಿ ಮುಟ್ಟಿ ನೋಡಿ, "ಹೊಳಿಯಪ್ಪನವರ, ನೀವು ಬರಬೇಕ್ರಿ" ಎಂದರು. ಗಜೇಂದ್ರಗಡದ ಸಂತೆಗಿಂತ ದೂರ ಎಂದರೆ ಹುಬ್ಬಳ್ಳಿ ಮಾತ್ರ ಕಂಡಿದ್ದ ಮನುಷ್ಯ, ಒಂಬತ್ತು ದಿನಕ್ಕೆ ವಿಮಾನ ಹತ್ತಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ.

ಬಂದ ಮೇಲೆ ಓಣಿಯ ಮಂದಿಯೆಲ್ಲ ನಮ್ಮ ಪಡಸಾಲೆಯಲ್ಲಿ ತುಂಬಿದರು. ಗಜೇಂದ್ರಗಡದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಅವರ ಹಳೆಯ ಗೆಳೆಯ ಈಶಪ್ಪನೂ ಬಂದಿದ್ದ. ಅವನು ಎಲ್ಲರಿಗೂ ಮೊದಲೇ ಹೇಳಿದ: "ಕುಂತು ಹೇಳಿದ್ದನ್ನ ನಂಬ್ರಿ. ಎದ್ದು ನಿಂತ ಅಂದ್ರ ನೀವೂ ಎದ್ದು ಮನಿಗೆ ಹೋಗ್ರಿ."

ಅವರು ಕುಳಿತೇ ಹೇಳಿದರು. ಮೂರು ಸಂಜೆ ಹೇಳಿದರು.

"ಊರ ಸುತ್ತ ಕೋಟಿ ಐತಿ. ಗ್ವಾಡಿ ಒಂದು ಕಡೆ ಆರು ಮೊಳ ದಪ್ಪ, ನಾನ ಅಳದು ನೋಡೀನಿ. ಬುರುಜಿಗೆಲ್ಲ ಕೆಂಪು ಹಂಚಿನ ಚೂಪು ತಲಿ. ಮಳ್ಯಾಗ ಕಂಬಳಿ ಕೊಪ್ಪಿ ಹಾಕ್ಕೊಂಡು ಕುರುಬರು ಸಾಲಾಗಿ ನಿಂತಂಗ ಕಾಣತಾವ."

"ನಮ್ಮ ಗುಡ್ಡದ ಕೋಟಿಗಿಂತ ದೊಡ್ಡದೇನೋ?" ಎಂದ ಈಶಪ್ಪ.

"ನಮ್ಮದು ಎತ್ತರ. ಅವರದು ಹಸನ. ನಮ್ಮ ಕೋಟ್ಯಾಗ ಆಡು ಮೇಯತಾವ, ಅವರ ಕೋಟ್ಯಾಗ ಮಂದಿ ಸಂಸಾರ ಮಾಡ್ತಾರ."

ಆರುನೂರು ವರ್ಷದಿಂದ ನಡೆಯುತ್ತಿರುವ ಔಷಧದ ಅಂಗಡಿ ನೋಡಿದ್ದನ್ನು ಹೇಳಿದರು. ಎಲ್ಲರೂ ಬಾಯಿ ಬಿಟ್ಟರು. ಅವರು ಮಾತ್ರ, "ಆರನೂರು ವರ್ಷದಾಗ ಜಡ್ಡು ಕಡಿಮಿ ಆಗಿಲ್ಲ ಅಂದಂಗಾತಲ್ಲ" ಎಂದರು. ಸಮುದ್ರವನ್ನು ಜೀವಮಾನದಲ್ಲಿ ಮೊದಲ ಸಲ ಕಂಡದ್ದು ಅಲ್ಲಿಯೇ. ಬೊಗಸೆಯಲ್ಲಿ ಎತ್ತಿ ಕುಡಿದು ನೋಡಿದರಂತೆ. "ಉಪ್ಪ ಇಲ್ಲ. ನಮ್ಮ ಹೊಲದ ಬಾವಿ ನೀರು ಅದಕ್ಕಿಂತ ಉಪ್ಪು." ಅಲ್ಲಿಯ ಕಪ್ಪು ರೊಟ್ಟಿ ಹುಳಿ, ಆದರೆ ಅಗಿಯುವುದಕ್ಕೆ ಹಲ್ಲು ಬೇಕು, ಅದಕ್ಕೆ ಚಲೋ ಅನ್ನಿಸಿತು. ಮಂದಿ ಮಾತಾಡುವುದು ಕಡಿಮೆ. ರಸ್ತೆಯ ಗುಂಡುಕಲ್ಲುಗಳು ಮಾತ್ರ ಎಲ್ಲರ ಚಪ್ಪಲಿಯನ್ನೂ ಮಾತಾಡಿಸುತ್ತವೆ.

ಮೊದಲ ದಿನ ಉಪವಾಸ ಬಿದ್ದದ್ದನ್ನೂ ಮುಚ್ಚಿಡಲಿಲ್ಲ. ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೆಯೇ ಉಣ್ಣುವುದು ಅವರ ರೂಢಿ. ಜೂನಿನಲ್ಲಿ ಆ ಊರಲ್ಲಿ ಹೊತ್ತು ಮುಳುಗುವುದೇ ಇಲ್ಲ ಎನ್ನುವಷ್ಟು ತಡ. ಜೊತೆಯವರೆಲ್ಲ ಉಂಡು ಮಲಗಿದರೂ ಇವರು ಕಿಟಕಿಯ ಬಳಿ ರೊಟ್ಟಿ ಹಿಡಿದು ಸೂರ್ಯನನ್ನು ಕಾಯುತ್ತ ಕುಳಿತಲ್ಲೇ ನಿದ್ದೆ ಹೋಗಿದ್ದರು.

"ಮತ್ತ ಯಾವಾಗ ಉಂಡ್ಯೋ?" ಎಂದ ಈಶಪ್ಪ.

"ಮರುದಿನ ಆ ಸೂರ್ಯಾಗ ಕೈ ಮುಗದು, ನೀ ಇದ್ದರ ಇರಪಾ, ನಾ ಉಣತೀನಿ ಅಂದೆ."

ಪಡಸಾಲೆ ನಕ್ಕಿತು. ನಾನು ನಗಲಿಲ್ಲ. ನಾನು ಬೇರೊಂದು ಮಾತಿಗೆ ಕಾಯುತ್ತಿದ್ದೆ.

ಹೋದ ನಾಲ್ಕನೆಯ ದಿನ ಅವರು ಫೋನ್ ಮಾಡಿ, "ಬರೂ ವರ್ಷದ ಮೇಳಕ್ಕ ನಿನ್ನೂ ಕರಕೊಂಡು ಬರೂನಂತ ಅನಿಲಕುಮಾರ ಅಂದಾರ, ಅಲ್ಲೇ ಕುಂತು ನೂತು ತೋರಸಬೇಕಂತ" ಎಂದಿದ್ದರು. ಮದುವೆಯಾದಾಗಿನಿಂದ ಇಟಗಿ ಭೀಮಾಂಬಿಕೆಯ ಗುಡಿಗೆ ಬಿಟ್ಟರೆ ನಾನು ಎಲ್ಲಿಗೂ ಹೋದವಳಲ್ಲ. ಅವರು ಬರುವಷ್ಟರಲ್ಲಿ ಓಣಿಗೆಲ್ಲ ಹೇಳಿ ಮುಗಿಸಿದ್ದೆ. ಪಕ್ಕದ ಮನೆಯ ನೀಲವ್ವ ಅಕ್ಕ ತನ್ನ ಸ್ವೆಟರ್ ಕೊಡುತ್ತೇನೆಂದೂ ಹೇಳಿದ್ದಳು.

ಮಂದಿ ಹೋದ ಮೇಲೆ ಕೇಳಿದೆ. "ನಾ ಯಾವಾಗ ಹೋಗೂದ್ರಿ?"

ಅವರು ಎದ್ದು ನಿಂತರು.

"ಸಂಘದವರು ಬ್ಯಾರೆ ಮಂದೀನ ಗೊತ್ತು ಮಾಡ್ಯಾರಂತ. ನಮ್ಮನ್ನ ಕರಿಯಂಗಿಲ್ಲ."

ಸುಳ್ಳೆಂದು ಗೊತ್ತಾಯಿತು. ಖರೇ ಯಾವುದೆಂದು ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಒಬ್ಬರೇ ನೋಡಿ ಬಂದು ಸಾಕೆನಿಸಿತೇನೋ, ನನ್ನನ್ನು ಅಲ್ಲಿಗೆ ಕರೆದೊಯ್ಯಲು ನಾಚಿಕೆಯೇನೋ ಎಂದುಕೊಂಡೆ. ಹೆಂಗಸಿನ ತಲೆ ಇಂಥದರಲ್ಲಿ ಲಗೂ ಓಡುತ್ತದೆ. ಮೇಳಕ್ಕೆ ಹೋಗಿದ್ದ ನನ್ನ ನೂಲಿನ ನಾಲ್ಕು ಕಂಬಳಿಗಳ ಚೀಟಿಯ ಮೇಲೆ ಅಲ್ಲಿಯ ಅಕ್ಷರದಲ್ಲಿ ನನ್ನ ಹೆಸರು "ಕರೆವ್ವ" ಎಂದು ಬರೆದಿತ್ತು, ಅದರಲ್ಲಿ ಒಂದನ್ನು ಅವರು ತಂದು ಕೊಟ್ಟರು. ಅದನ್ನು ತೆಗೆದುಕೊಂಡು ಡಬ್ಬಿಗೆ ಹಾಕಿದೆ. ಆಮೇಲೆ ಎರಡು ವರ್ಷ, ಸಿಟ್ಟು ಬಂದಾಗಲೆಲ್ಲ, "ನಿಮಗೇನ್ರಿ, ಸಮುದ್ರ ಕುಡದು ಬಂದವರು" ಎಂದು ಚುಚ್ಚುತ್ತಿದ್ದೆ. ಅವರು "ಹೂಂ" ಎಂದು ಲಾಳಿ ಎಸೆಯುತ್ತಿದ್ದರು.

ಹೋದ ಶ್ರಾವಣದಲ್ಲಿ ತೀರಿಕೊಂಡರು. ಮೂರು ದಿನ ಜ್ವರ, ಗದಗಿನ ದವಾಖಾನಿ, ಅಷ್ಟೆ. ಮಗ್ಗದ ಮೇಲೆ ಒಂದೂವರೆ ಮೊಳ ನೇಯ್ದ ಕಂಬಳಿ ಹಾಗೇ ನಿಂತಿದೆ.

ದೀಪಾವಳಿ ಕಳೆದ ಮೇಲೆ ಹೀನಾ ಬಂದಳು. ಹುಬ್ಬಳ್ಳಿಯ ಹುಡುಗಿ, ತಾಲಿನ್ನಿನಲ್ಲಿ ಓದುತ್ತಿದ್ದಾಳೆ. ಮೇಳದಲ್ಲಿ ಇವರ ಮಾತನ್ನು ಅಲ್ಲಿಯವರಿಗೆ ತಿಳಿಸುತ್ತಿದ್ದವಳು ಅವಳೇ. ರಜೆಗೆ ಬಂದವಳು ಸುದ್ದಿ ಕೇಳಿ ಹುಡುಕಿಕೊಂಡು ಬಂದಿದ್ದಳು. ಅತ್ತಳು, ಚಹಾ ಕುಡಿದಳು. ಆಮೇಲೆ, "ಕಾಕು, ಆ ದಿನ ಕಾಕಾ ಮಾಡಿದ್ದು ನಾ ಮರಿಯಂಗಿಲ್ರಿ" ಎಂದಳು.

"ಯಾವ ದಿನ?"

ಅವಳು ನನ್ನ ಮುಖ ನೋಡಿದಳು. "ನಿಮಗ ಹೇಳಿಲ್ಲೇನು?"

ನಡೆದದ್ದು ಇದು. ಮೇಳಕ್ಕೆ ಹನ್ನೊಂದು ಕಂಬಳಿ ಹೋಗಿದ್ದವು. ನಾಲ್ಕು ನನ್ನ ನೂಲಿನವು. ಉಳಿದ ಏಳನ್ನು ಸಂಘದವರು ಬೇರೆಡೆ ಗಿರಣಿ ನೂಲಿನಲ್ಲಿ ನೇಯಿಸಿದ್ದರು. ಹಲಗೆಯ ಮೇಲೆ ಮಾತ್ರ ಎಲ್ಲವೂ ಕೈನೂಲಿನವೆಂದು ಇಂಗ್ಲೀಷಿನಲ್ಲಿ ಬರೆದಿತ್ತು; ಇವರಿಗೆ ಓದಲು ಬಾರದು. ಕುರ್ಚಿ ಕೊಟ್ಟರೂ ಬೇಡವೆಂದು ಇವರು ತಮ್ಮ ಹಳೆಯ ಕಂಬಳಿ ಹಾಸಿ ಕೋಟೆಯ ಗೋಡೆಗೆ ಒರಗಿ ಕುಳಿತಿದ್ದರು. ಏಳನೆಯ ದಿನ ಹೆಲ್ಮಿ ಎಂಬ ಮುದುಕಿ ಬಂದಳು, ಆ ಮೇಳ ನಡೆಸುವವರಲ್ಲಿ ಹಿರಿಯಳು. ಒಂದೊಂದೇ ಕಂಬಳಿಯ ಅಂಚು ಬೆರಳಲ್ಲಿ ತಿಕ್ಕಿ ನೋಡಿ, ಇವೆಲ್ಲ ಒಂದೇ ಕೈಯ ನೂಲೇ ಎಂದು ಕೇಳಿದಳು.

ಅನಿಲಕುಮಾರ ನಗುತ್ತಲೇ ನಮ್ಮ ಮಾತಿನಲ್ಲಿ ಹೇಳಿದರಂತೆ: "ಹೊಳಿಯಪ್ಪನವರ, ಹೌದನ್ರಿ ಸಾಕು. ಆಕಿ ಹೂಂ ಅಂದ್ರ ಬರೂ ವರ್ಷ ಕರೆವ್ವನವರ ಟಿಕೀಟು ಆತು ಅಂತ ತಿಳೀರಿ. ಇಲ್ಲಂದ್ರ ನಮ್ಮನ್ನ ಯಾರೂ ಕರಿಯಂಗಿಲ್ಲ."

"ಕಾಕಾ ಒಂದು ಕೈ ನೆಲಕ್ಕ ಊರಿದ್ರು," ಎಂದಳು ಹೀನಾ. "ಏಳಾಕತ್ತಿದ್ರು. ಅರ್ಧ ಎದ್ದಿದ್ರು. ಯಾಕ ಏಳತಾರಂತ ನನಗ ತಿಳೀಲಿಲ್ಲ."

ನನಗೆ ತಿಳಿಯಿತು. ನನ್ನ ಸಲುವಾಗಿ ಏಳುತ್ತಿದ್ದರು.

"ಆಮ್ಯಾಲೆ ಕಾಕಾ ಆ ಅಜ್ಜಿಯ ಕೈ ನೋಡಿದ್ರು. ಮತ್ತ ಕುಂತರು. 'ಹೀನಾ, ಆಕಿ ಬೆರಳು ನೋಡು. ನನ್ನ ಹೇಣ್ತಿ ಬೆರಳಿನಾಗ ಇರೂ ಗೆರೀನ ಐತಿ. ನೂಲೂ ಕೈಗೆ ನೂಲಿನ ಸುಳ್ಳು ಹೇಳಬಾರದು. ಈ ನಾಕು ನಮ್ಮ ಕರೆವ್ವ ನೂತದ್ದು, ಉಳದದ್ದು ಗಿರಣೀದು, ಹಂಗಂತ ಹೇಳು' ಅಂದ್ರು. ನಾ ಹಂಗ ಹೇಳಿದೆ."

ಮುದುಕಿ ಏಳನ್ನೂ ತೆಗೆಸಿದಳು. ನಾಲ್ಕಕ್ಕೆ ನನ್ನ ಹೆಸರು ಬರೆಸಿದಳು. ಸಂಘಕ್ಕೆ ಮರುವರ್ಷದ ಕರೆ ತಪ್ಪಿತು. ಅನಿಲಕುಮಾರ ವಾಪಸು ಬರುವವರೆಗೆ ಇವರೊಡನೆ ಮಾತಾಡಲಿಲ್ಲ. ಕೆಟ್ಟ ಮನುಷ್ಯನಲ್ಲ ಅವರು. ಇವರು ತೀರಿಕೊಂಡಾಗ ಮೊದಲು ಬಂದು ಹೆಗಲು ಕೊಟ್ಟವರೂ ಅವರೇ.

"ಸಿಟ್ಟು ಬಂತೇನ್ರಿ ಕಾಕು?" ಎಂದು ಹೀನಾ ಕೇಳಿದಳು.

"ಬಂತು. ನನ್ನ ಒಂದು ಮಾತು ಕೇಳಿದ್ರ ನಾನೂ ಖರೇನ ಹೇಳ್ರಿ ಅಂತಿದ್ದೆ. ಕೇಳಲಿಲ್ಲಲ್ಲ, ಅದಕ್ಕ."

ಆದರೆ ಅವಳು ಹೋದ ಮೇಲೆ ಈಶಪ್ಪನ ಅಂಗಡಿಗೆ ಹೋಗಿ, ಇದ್ದ ಗಿರಾಕಿಗಳೆಲ್ಲ ಕೇಳುವಂತೆ ಇಡೀ ಕಥೆ ಹೇಳಿದೆ. ಈಶಪ್ಪ ತಕ್ಕಡಿ ಕೆಳಗಿಟ್ಟ. "ಹಂಗಾದ್ರ ಆ ಊರು ನೀವು ನೋಡೂದು ತಪ್ಪಿದ್ದು ಅವನಿಂದನ ಅನ್ರಿ ಅಕ್ಕಾರ."

"ಹೌದು. ನಾ ಆ ಊರು ನೋಡಿಲ್ಲ. ಆ ಊರು ನನ್ನ ಕೈ ನೋಡೇತಿ," ಎಂದೆ. ಬೆಲ್ಲ ಕಟ್ಟಿಸಿಕೊಂಡು ಬಂದೆ.

ಇಂಥ ಗಂಡಸರು ಹಳ್ಳಿಗೊಬ್ಬರು ಇದ್ದೇ ಇರುತ್ತಾರೆ. ದೊಡ್ಡ ಕಟ್ಟಳೆ ಯಾವುದು, ಸಣ್ಣದು ಯಾವುದು ಎಂಬ ವಿಂಗಡಣೆ ಅವರಿಗೆ ಗೊತ್ತಿರುವುದಿಲ್ಲ. ಹಿರಿಯರಿಂದ ಕೈಗೆ ಸಿಕ್ಕ ಒಂದನ್ನು ಹಿಡಿದು, ಅದು ತಮ್ಮೂರಲ್ಲಿ ನಗೆಗೀಡಾದರೂ ಸಮುದ್ರದಾಚೆ ಯಾರಿಗೂ ತಿಳಿಯದಿದ್ದರೂ ಸಡಿಲಬಿಡದೆ ನಡೆದುಬಿಡುತ್ತಾರೆ. ತಮ್ಮದನ್ನು ಬಿಟ್ಟುಕೊಡುವಾಗ ಹೆಂಡತಿಯದನ್ನೂ ಕೂಡಿಸಿಯೇ ಬಿಟ್ಟುಕೊಡುತ್ತಾರೆ, ಎರಡೂ ಬೇರೆ ಎಂಬುದು ಅವರ ತಲೆಗೆ ಹೊಳೆಯುವುದಿಲ್ಲ. ಬಿಟ್ಟುಕೊಟ್ಟದ್ದನ್ನು ಹೇಳಿಕೊಳ್ಳುವುದೂ ಇಲ್ಲ. ಅಂಥವರ ಸಂಗಡ ಬಾಳುವುದು ಸುಲಭವೆಂದು ನಾನು ಹೇಳಲಾರೆ. ಅವರು ಮನೆಯವರನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ. ಆದರೆ ಅವರು ಹೋಗಿ ಬಂದ ಊರಲ್ಲೆಲ್ಲ ಮನೆಯವರ ತಲೆ ಎತ್ತಿಯೇ ಇರುತ್ತದೆ.